ಅತ್ತೆಯ ಕಣ್ಣು, ಇಲಿಯ ಗಡ್ಡೆ

ಮಾರ್ಚ್ ೧೪, ಗುರುವಾರ. ಕಂಪಾಲಾ.

ಆ ನಾಲ್ಕು ಇಲಿಗಳು ಮನಸ್ಸಿನಿಂದ ಹೋಗುತ್ತಿಲ್ಲ. ಒಂದು ಜೀನ್ ತೆಗೆದ ಮೇಲೆ ನಮ್ಮ ಪ್ರಯೋಗದ ಎಲ್ಲ ಇಲಿಗಳ ಕಣ್ಣಲ್ಲೂ ಬೇಡದ ರಕ್ತನಾಳ ಬೆಳೆಯುವುದು ನಿಂತಿತು. ಆದರೆ ವಯಸ್ಸಾದ ಈ ನಾಲ್ಕಕ್ಕೆ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ.

"ಈ ಸಲದ ಲೇಖನದಲ್ಲಿ ಕಣ್ಣಿನ ವಿಷ್ಯ ಅಷ್ಟೇ ಬರಿಯಮ್ಮ. ಗಡ್ಡೆ ವಿಷ್ಯ ಆಮೇಲೆ ನೋಡೋಣ" ಎಂದರು ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಸೆಂಪಾಲಾ.

ಸಂಜೆ ಸೋದರತ್ತೆ ನಕಿಬೂಕಾ ರಾತ್ರಿಯೂಟಕ್ಕೆ ಮಟೋಕೆ ಬೇಯಿಸಲು ಬಾಳೆಕಾಯಿಗಳನ್ನು ತಡವಿ ತಡವಿ ಸುಲಿಯುತ್ತಿದ್ದಳು. ಸಕ್ಕರೆ ಕಾಯಿಲೆ ಇಂಥದೇ ಬೇಡದ ರಕ್ತನಾಳ ಬೆಳೆಸಿ ಅವಳ ಒಂದು ಕಣ್ಣನ್ನು ತಿಂದಿದೆ, ಇನ್ನೊಂದು ಮಬ್ಬು. ಇಲಿಗಳಿಂದ ತೆಗೆದ ಆ ಜೀನಿನ ಪ್ರೋಟೀನ್ ತಾನಾಗಿ ಏನೂ ಮಾಡುವುದಿಲ್ಲ, ಬೇರೆ ಎರಡು ಪ್ರೋಟೀನುಗಳನ್ನು ಜೋಡಿಸುತ್ತದೆ ಅಷ್ಟೇ ಎಂದು ಅವಳಿಗೆ ಹೇಳಿದೆ.

"ನನ್ ಹಾಗೇ ಅನ್ನು. ನಲವತ್ತು ಮದ್ವೆ ಕುದುರ್ಸಿದೀನಿ."

ಗಡ್ಡೆಯ ವಿಷಯವನ್ನೂ ಹೇಳಿದೆ. ಅವಳ ಚಾಕು ನಿಂತಿತು.

"ಒಂದ್ಸಲ ಹುಡುಗನ ಮೂರ್ಛೆರೋಗ ಹುಡ್ಗೀಗೆ ಹೇಳ್ದೆ ಮುಚ್ಚಿಟ್ಟೆ ಕಣೇ. ಆ ಹುಡ್ಗಿ ಇವತ್ತಿಗೂ ನನ್ ಜೊತೆ ಮಾತಾಡಲ್ಲ. ನೀನು ಮುಚ್ಚಿಡ್ಬೇಡ."

"ಗಡ್ಡೆ ವಿಷ್ಯ ಬರೆದ್ರೆ ನಿನ್ ಕಣ್ಣಿಗೆ ಔಷಧಿ ಬರೋದು ತಡ ಆಗುತ್ತೆ, ಅತ್ತೆ."

"ಆಗ್ಲಿ ಬಿಡು. ಬಾಳೆಕಾಯಿ ಸುಲಿಯೋಕೆ ಕಣ್ಣು ಬೇಕಾ?"

ಕಣ್ಣು, ಗಡ್ಡೆ ಎರಡನ್ನೂ ಬರೆಯುತ್ತೇನೆ. ಸೆಂಪಾಲಾ ಏನಾದರೂ ಅಂದುಕೊಳ್ಳಲಿ.

ಅವಳು ಒಳಗೆ ಹೋದ ಮೇಲೆ, ಅವಳು ಸುಲಿದ ಕಾಯಿಗಳಲ್ಲಿ ಉಳಿದಿದ್ದ ಸಿಪ್ಪೆಯನ್ನು ಸದ್ದಿಲ್ಲದೆ ತೆಗೆದೆ. ಅದೊಂದನ್ನು ಮಾತ್ರ ಮುಚ್ಚಿಟ್ಟಿದ್ದೇನೆ.