ಲೆನ್ಸ್ ಮೇಲಿನ ಕೂದಲು

ಅಪ್ಪನಿಗೆ,

ನಿಮ್ಮ ಕ್ಷೌರದ ಕತ್ತಿಯಿಂದಲೇ ಎಲೆಯನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದೆ. ಜೀವಕೋಶದೊಳಗೆ, ಎಲೆಗೆ ಅಡುಗೆ ಮಾಡುವ ಹಸಿರು ಕಣವೊಂದರಿಂದ ಎಳೆಯಂಥ ಕೊಳವೆ ಹೊರಟಿತ್ತು.

ಪ್ರೊಫೆಸರ್ ಇಣುಕಿ, "ಲೆನ್ಸ್ ಮೇಲೆ ಕೂದಲು ಕೂತಿದೆ, ಒರೆಸಮ್ಮ" ಎಂದರು. ಮೂರು ಸಲ ಒರೆಸಿದೆ. ಅವರು ನಾಲ್ಕನೇ ಸಲವೂ ಅದನ್ನೇ ಹೇಳಿದಾಗ ತಡೆಯಲಾಗಲಿಲ್ಲ.

"ಸರ್, ನಾನು ಕ್ಷೌರದಂಗಡೀಲಿ ಬೆಳೆದವಳು. ಉದುರಿದ ಕೂದಲು ಬೆಳೆಯಲ್ಲ. ಇದು ಬೆಳೀತಿದೆ, ನೋಡಿ!"

ಅವರು ಮತ್ತೆ ಕಣ್ಣಿಟ್ಟರು. ಕೊಳವೆ ಪಕ್ಕದ ಕಣದತ್ತ ಉದ್ದಕ್ಕೆ ಚಾಚಿ, ಸರಕ್ಕನೆ ಒಳಗೆ ಸರಿಯಿತು. ಪ್ರೊಫೆಸರ್ ಎದ್ದು, ನಾನು ಕೂರಲೆಂದು ತಮ್ಮ ಕುರ್ಚಿಯನ್ನು ನನ್ನತ್ತ ಸರಿಸಿದರು.

ಕತ್ತಿಯ ಹರಿತ ಹೋಗಿದೆ. ಸಾಣೆ ಹಿಡಿದದ್ದು ಎರಡು ಕಳಿಸಿ. ಇನ್ನೊಂದು ಪ್ರೊಫೆಸರಿಗೆ ಬೇಕಂತೆ.

ನಿಮ್ಮ ಹಟಮಾರಿ ಮಗಳು