ನೆಚ್ಚಿಕೊಳ್ಳಬೇಡಿ

ಜೂನ್ 3, ಬೆಳಿಗ್ಗೆ 11
ಟ್ರೇನಿಂಗಿಗೆ ಹೊರಟ ಹನ್ನೆರಡು ಜನ ನನ್ನ ಟ್ರಾವೆಲ್ ಆಫೀಸಿಗೆ ಟಿಕೆಟಿಗೆ ಬಂದರು. ಬಸ್ಸಿನಲ್ಲಿ ದೊಡ್ಡ ಏರ್‌ಪೋರ್ಟಿಗೆ ಹೋಗಿ, ಅಲ್ಲಿಂದ ಹತ್ತಿ ಎಂದೆ. ನಮ್ಮೂರಿನ ಫ್ಲೈಟ್ ನೆಚ್ಚಿಕೊಳ್ಳಬೇಡಿ, ಯಾವಾಗ ಕೈಕೊಡುತ್ತದೋ. ಮರುಮಾತಿಲ್ಲದೆ ಒಪ್ಪಿದರು. ಹತ್ತು ವರ್ಷದ ಬಾಯಿಪಾಠ ಇದು. ಒಮ್ಮೆ ಮಂಜು ಕವಿದು ಫ್ಲೈಟ್ ರದ್ದಾದಾಗ ಮೂವತ್ತು ಜನ ಆಫೀಸಿಗೆ ನುಗ್ಗಿ ನನ್ನ ಗ್ರಹಚಾರ ಬಿಡಿಸಿದ್ದರು. ಆ ಉಸಾಬರಿ ಮತ್ತೆ ಯಾರಿಗೆ ಬೇಕು?

ಅಕ್ಕನಿಗೆ ಶುಕ್ರವಾರದ ಟಿಕೆಟ್ ಮಾಡಿದೆ—ಇಲ್ಲಿಂದಲೇ. ಹದಿನೈದು ದಿನಕ್ಕೊಮ್ಮೆ ಕೀಮೋ, ಆ ದೊಡ್ಡ ಏರ್‌ಪೋರ್ಟಿನ ಊರಿನಲ್ಲೇ. ಹಾರಿದರೆ ಐವತ್ತು ನಿಮಿಷ. ರಸ್ತೆಯಲ್ಲಿ ಒಂಬತ್ತು ಗಂಟೆ. ಮೊದಲ ಸಲ ಹಾಗೆ ಹೋಗಿ ಬಂದು ಮೂರು ದಿನ ಎದ್ದಿರಲಿಲ್ಲ.

ಜೂನ್ 11
ಏರ್‌ಲೈನಿನ ಮ್ಯಾನೇಜರ್ ಬಂದಿದ್ದರು. ನಮ್ಮೂರಿನ ಫ್ಲೈಟಿನ ಎಪ್ಪತ್ತು ಸೀಟಿನಲ್ಲಿ ಇಪ್ಪತ್ತೂ ತುಂಬುತ್ತಿಲ್ಲ, ತಿಂಗಳ ಕೊನೆಗೆ ನಿಲ್ಲಿಸುತ್ತಾರಂತೆ. ಈ ಊರಲ್ಲಿ ಜನ ಎಲ್ಲಿದ್ದಾರೆ ಸಾರ್ ಎಂದೆ, ಏನೂ ಅರಿಯದವನ ಹಾಗೆ. ಪಟ್ಟಿ ಮುಂದಿಟ್ಟರು. ಕಳೆದ ತಿಂಗಳು ದೊಡ್ಡ ಏರ್‌ಪೋರ್ಟಿನಲ್ಲಿ ಅವರದೇ ವಿಮಾನ ಹತ್ತಿದ ನಮ್ಮೂರಿನವರು ಒಂಬೈನೂರು. ಅರ್ಧಕ್ಕರ್ಧ ನನ್ನ ಬುಕಿಂಗ್.

"ಜನ ಇದಾರೆ. ನೀವು ಕಳಿಸ್ತಾ ಇಲ್ಲ."

ನಾಚಿಕೆಯಾಯಿತು.

ಜೂನ್ 12
ಬಂದವರಿಗೆಲ್ಲ ಇಲ್ಲಿಂದಲೇ ಹೋಗಿ ಎಂದೆ. ಬಟ್ಟೆ ಅಂಗಡಿಯವರು ನಕ್ಕುಬಿಟ್ಟರು.

"ನೆಚ್ಕೋಬೇಡಿ ಅಂದಿದ್ದು ನೀವೇ ಅಲ್ವಾ ಸ್ವಾಮಿ?"

ಪಕ್ಕದ ಬೀದಿಯ ಏಜೆಂಟನ ಕಾಲು ಹಿಡಿಯುವುದೊಂದು ಬಾಕಿ. ಅವನೂ ಅದೇ ಪಲ್ಲವಿ ಹಾಡುತ್ತಾನೆ. ಕಲಿತದ್ದು ನನ್ನಲ್ಲಿ, ನನ್ನ ಆಫೀಸಿನಲ್ಲಿದ್ದಾಗ.

ಜೂನ್ 27
ಬರೆಯಲು ಮನಸ್ಸಿರಲಿಲ್ಲ. ಬಾಯಿ ನೋಯುವಷ್ಟು ಹೇಳಿದೆ. ನಿನ್ನೆ ಮೂವತ್ತೊಂದು ಜನ ಹತ್ತಿದರು. ಸಾಲದು. ಇವತ್ತು ಮೇಲ್ ಬಂತು—ಜುಲೈ ಒಂದರಿಂದ ಇಲ್ಲ.

ಜುಲೈ 5
ನಿನ್ನೆ ಅಕ್ಕನನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ನಾಲ್ಕು ಸಲ ನಿಲ್ಲಿಸಿದೆವು. ವಾಂತಿಗೆ ಬಕೆಟ್ ನಾನೇ ಹಿಡಿದಿದ್ದೆ. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು.

"ಊರಿಗೆಲ್ಲ ಬೇಡ ಅಂದೋನು ನಂಗ್ಯಾಕೋ ಅದ್ರಲ್ಲೇ ಕಳಿಸ್ದೆ?"

ಫ್ಲೈಟೇ ಒಳ್ಳೆಯದೆಂದು ನನಗೆ ಗೊತ್ತಿತ್ತು. ಬಕೆಟ್ ತೊಳೆಯಲು ಇಳಿದೆ.

ಜುಲೈ 17, ಸಂಜೆ
ನಾಳೆ ಕೀಮೋ. ಬ್ಯಾಗು ತುಂಬಲು ಹೋದರೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟಳು.

"ಸಾಕು ಕಣೋ. ಆ ದಾರಿ ನನ್ ಕೈಲಿ ಆಗಲ್ಲ."

ಇನ್ನು ನಾಲ್ಕೇ ನಾಲ್ಕು ಎಂದೆ. ದಮ್ಮಯ್ಯ ಎಂದೆ. ಗೋಡೆಯ ಕಡೆ ಹೊರಳಿ ಮಲಗಿದಳು. ಡ್ರೈವರಿಗೆ ಬೆಳಗಿನ ಜಾವ ಐದಕ್ಕೇ ಬಾ ಎಂದಿದ್ದೇನೆ. ಬರಲಿ. ಎತ್ತಿಕೊಂಡಾದರೂ—