ಶ್ರಾವಣ ಹುಡುಕಿಕೊಂಡು ಹೋದದ್ದು

ತೊಣ್ಣೂರು ಕೆರೆ ಏರಿ
ಆಷಾಢದ ಅರವತ್ತೆಂಟನೆಯ ದಿನ

ನನಗಿಂತ ಬಹಳ ಹಿಂದೆ ಇರುವವರಿಗೆ,

ತಾರೀಖು ನೋಡಿ ಕೈತಪ್ಪಿ ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಿಮ್ಮಲ್ಲಿ ಆಷಾಢ ಅಮಾವಾಸ್ಯೆಗೆ ಮುಗಿಯುತ್ತಿತ್ತೆಂದು ಓದಿದ್ದೇನೆ. ನಮ್ಮಲ್ಲಿ ಅದು ಗಾಳಿ ನಿಂತಾಗ ಮುಗಿಯುತ್ತದೆ. ನಿಮ್ಮ ಕಾಲದ ಸಾಹಿತ್ಯವನ್ನೇ ಓದಿ ಪದವಿ ಪಡೆದವಳಾದ್ದರಿಂದ ನಿಮ್ಮ ಕನ್ನಡದಲ್ಲಿ ಬರೆಯಲು ಯತ್ನಿಸಿದ್ದೇನೆ. ನಡುವೆ ನಮ್ಮ ಮಾತು ನುಸುಳಿ ವಿಚಿತ್ರವೆನಿಸಿದರೆ ಮನ್ನಿಸಿ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಸಂಕೋಚ. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ.

ಕಾವೇರಿ ಸಣ್ಣಗಾದ ಮೇಲೆ ಅವಳ ಪಾತ್ರದ ಮರಳು ಎದ್ದು ನಡೆಯತೊಡಗಿತು. ಜನ ಹಳೆಯ ಕೆರೆಗಳ ಸುತ್ತ ಬಂದು ಸೇರಿಕೊಂಡರು. ನಾವು ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿ ಮಲಗುತ್ತೇವೆ, ಮುದ್ದೆಯ ಮೇಲೆ ತಟ್ಟೆ ಮುಚ್ಚಿಕೊಂಡೇ ಉಣ್ಣುತ್ತೇವೆ. ಆದರೂ ಹಲ್ಲಿಗೆ ಮರಳು ಸಿಗುತ್ತದೆ. ಪ್ರತಿ ಊರಿನ ಏರಿಯ ಮೇಲೂ ಗಾಳಿಗಾವಲಿನವನೊಬ್ಬನಿದ್ದಾನೆ. ಸಂಜೆ ಒಂದು ಮಿಳ್ಳೆ ಎಣ್ಣೆ ಹೊಯ್ದು ದೀಪ ಹಚ್ಚುವುದು ಅವನ ಕೆಲಸ. ಯಾರೂ ಕೈ ಅಡ್ಡ ಹಿಡಿಯುವಂತಿಲ್ಲ. ಎಣ್ಣೆ ತೀರುವವರೆಗೆ ದೀಪ ನಿಂತರೆ ಆ ಊರಿಗೆ ಶ್ರಾವಣ ಬಂದಂತೆ. ನಡುವೆ ಹೋದರೆ ಮತ್ತೊಂದು ದಿನ ಆಷಾಢ. ದೀಪ ಆರಿತು ಎಂದು ನಾವು ಅನ್ನುವುದಿಲ್ಲ, ದೊಡ್ಡದಾಯಿತು ಎನ್ನುತ್ತೇವೆ. ನೀವೂ ಹಾಗೆಯೇ ಅನ್ನುತ್ತಿದ್ದಿರಂತೆ.

ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ಒಟ್ಟಿಗಿರಬಾರದೆಂಬ ನಿಮ್ಮ ನೇಮವೂ ನಮ್ಮವರೆಗೆ ಹಾಗೇ ಬಂದಿದೆ. ನಿಮಗದು ಒಂದು ತಿಂಗಳ ಮಾತು. ನಮ್ಮನ್ನು ತಾಯಿಯ ಹಾಗೆ ಸಾಕಿದ ದೊಡ್ಡವ್ವ ಕೆಂಪಮ್ಮಣ್ಣಿಗೆ ಮೊದಲ ಆಷಾಢ ದೀಪಾವಳಿಯ ಆಚೆಗೂ ಎಳೆದಿತ್ತಂತೆ. ಈ ವರ್ಷ ಆ ಸರದಿ ನನ್ನ ಅಕ್ಕ ದೇವೀರಿಯದು. ಭಾವ ಮಂಟೇಲಿಂಗ ತಲಕಾಡಿನಲ್ಲಿ ಹುಲ್ಲು ನೆಟ್ಟು ಮರಳು ಕಟ್ಟುವ ತಂಡದಲ್ಲಿದ್ದ. ತಂಡ ಸೋಮವಾರ ಕಡಲ ದಿಬ್ಬಗಳಿಗೆ ಹೊರಡುತ್ತದೆ, ಬರುವುದು ಇನ್ನು ಎರಡು ವರ್ಷಕ್ಕೆ ಎಂದು ಸುದ್ದಿ ಬಂತು. ಎಲ್ಲಿ ಶ್ರಾವಣ ಬಂದಿದೆಯೋ ಆ ಊರಲ್ಲಿ ಇಬ್ಬರೂ ಸೇರಬಹುದು. ಹಾಗಾಗಿ ಅಕ್ಕ, ದೊಡ್ಡವ್ವ, ನಾನು ಶ್ರಾವಣ ಹುಡುಕಿಕೊಂಡು ಹೊರಟೆವು. ದಾರಿಯಲ್ಲಿ ಎಲ್ಲಿ ದೀಪ ನಿಂತರೂ ಭಾವನನ್ನು ಅಲ್ಲಿಗೆ ಕರೆಸುವುದು, ಎಲ್ಲೂ ನಿಲ್ಲದಿದ್ದರೆ ತಲಕಾಡಿಗೇ ಹೋಗುವುದು ಎಂದುಕೊಂಡಿದ್ದೆವು.

ಸಿದ್ದಶೆಟ್ಟಿಯ ತೆವಳುಬಂಡಿಯಲ್ಲಿ ಹೋದೆವು. ಬಿಸಿಲು ಕುಡಿದು ನಡೆಯುವ ಅಗಲ ಚಕ್ರದ ಗಾಡಿ ಅದು. ಅರ್ಧ ಹೊತ್ತು ನಡೆದರೆ ಅರ್ಧ ಹೊತ್ತು ಮೈ ಕಾಯಿಸಿಕೊಳ್ಳುತ್ತ ನಿಂತಿರುತ್ತದೆ. ಅಕ್ಕ ಒಮ್ಮೆ ಸಹಿಸಲಾಗದೆ ಕೇಳಿದಳು: "ಶೆಟ್ರೇ, ಇಳಿದು ನಡೆದ್ರೆ ಬೇಗ ಹೋಗ್ಬೋದಾ?"

"ಹೋಗ್ಬೋದು ಕಣವ್ವ. ಆದ್ರೆ ಬಂಡಿ ಬೇಜಾರ್ ಮಾಡ್ಕತದೆ."

ಮದ್ದೂರಿನಲ್ಲಿ ಕೆರೆಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಹೆಂಗಸರು ಏರಿಯ ಮೇಲೆ ಮರಳು ಜರಡಿ ಹಿಡಿಯುತ್ತಿದ್ದರು. ಸಂಜೆ ದೀಪ ಹಚ್ಚಿದ ಕೂಡಲೇ ದೊಡ್ಡದಾಯಿತು. ಟೀ ಅಂಗಡಿಯವಳು ನಮ್ಮನ್ನು ಅಡಿಯಿಂದ ಮುಡಿವರೆಗೆ ನೋಡಿ, "ಶ್ರಾವಣ ಬಂದಿತ್ತು ಕಣವ್ವ, ನಿಮ್ ಬಂಡಿ ನೋಡಿ ವಾಪಸ್ ಹೋಯ್ತು," ಅಂದಳು. ಅಕ್ಕ ನಕ್ಕಳು. ಮಳವಳ್ಳಿಯಲ್ಲಿ ದೀಪ ಸ್ವಲ್ಪ ಹೊತ್ತು ನಿಂತಿತು. ಅಕ್ಕ ಆಗಲೇ ತಲೆ ಬಾಚಿಕೊಳ್ಳತೊಡಗಿದ್ದಳು. ಆಮೇಲೆ ಅದೂ ಹೋಯಿತು. ಬಾಚಣಿಗೆ ಕೈಯಲ್ಲೇ ಉಳಿಯಿತು, ಆವತ್ತು ಅವಳು ನಗಲಿಲ್ಲ.

ಅಲ್ಲಿಂದ ಮುಂದೆ ಬರೀ ದಿಬ್ಬ. ತೆಂಗಿನ ತಲೆಗಳು ಮಾತ್ರ ಮರಳಿನ ಮೇಲಿದ್ದವು. ಜನ ಬಗ್ಗಿ ಕಾಯಿ ಕೀಳುತ್ತಿದ್ದರು. ಬಂಡಿ ಏರಿ ಇಳಿದು, ನಿಂತು, ಮತ್ತೆ ಏರಿತು. ಸೊಂಟ ನೋವು, ಕಣ್ಣುರಿ. ಗಾಳಿ ಹುಟ್ಟುವುದೇ ತಲಕಾಡಿನಲ್ಲಿ ಎನ್ನುತ್ತಾರೆ; ಅಂಥಲ್ಲಿಗೇ ಗಾಳಿ ನಿಂತಿದೆಯೇ ಎಂದು ನೋಡಲು ಹೋಗುತ್ತಿದ್ದೆವು.

ತಲಕಾಡು ಮುಟ್ಟಿದ್ದು ಭಾನುವಾರ ಸಂಜೆ. ಭಾವ ಕೆರೆಯ ಆಚೆ ದಡದಲ್ಲಿ ತಂಡದವರೊಡನೆ ನಿಂತಿದ್ದ. ಈಚೆ ಅಕ್ಕ. ಇಬ್ಬರೂ ಕೈ ಕೂಡ ಎತ್ತಲಿಲ್ಲ. ನೇಮಕ್ಕಿಂತ ಹೆಚ್ಚಾಗಿ ಆಯಾಸ ಅದು ಎಂದು ನನಗನ್ನಿಸಿತು. ಗಾಳಿಗಾವಲಿನ ಮುದುಕ ದೀಪ ಹಚ್ಚಿದ. ಬತ್ತಿ ಒಮ್ಮೆ ಮಲಗಿ ಎದ್ದಿತು, ಮತ್ತೆ ಮಲಗಿತು.

ಆಗ ದೊಡ್ಡವ್ವ ಎದ್ದಳು. ಊರಿಡೀ ಹೊಸ ಸೊಸೆಯರನ್ನು ನೇಮದ ಹೆಸರಲ್ಲಿ ಗದರುವವಳು ಅವಳು. ನಡೆದು ಹೋಗಿ ದೀಪದ ಪಡುವಣಕ್ಕೆ, ಗಾಳಿ ಬರುವ ದಿಕ್ಕಿಗೆ, ಮಂಡಿ ಹಿಡಿದುಕೊಂಡು ಕೂತಳು. ಸೆರಗನ್ನು ಎರಡೂ ಕೈಯಿಂದ ಎಳೆದು ಮೈತುಂಬ ಹೊದ್ದಳು. ಬತ್ತಿ ನೆಟ್ಟಗಾಯಿತು.

"ತಾಯಿ, ಅಡ್ಡ ಹಿಡೀಬಾರ್ದು," ಅಂದ ಮುದುಕ.

"ಕೈ ಎಲ್ಲಿ ಹಿಡ್ದೆ? ಸೆರಗು ಹಾರ್ತಿತ್ತು, ಹೊದ್ಕೊಂಡೆ. ಹೆಂಗ್ಸು ಸೆರಗು ಹೊದೀಬಾರ್ದು ಅಂತ ನೇಮ ಅದಾ?"

ಮುದುಕ ಕೆರೆಯ ಕಡೆ ತಿರುಗಿ ನಿಂತು, "ನೀರು ಈ ಸಲ ತಗ್ಗಿದೆ," ಎಂದು ಯಾರಿಗೋ ಹೇಳುವಂತೆ ಹೇಳಿದ. ಎಣ್ಣೆ ತೀರುವವರೆಗೂ ತಿರುಗಲಿಲ್ಲ. ದೊಡ್ಡವ್ವನ ಬೆನ್ನ ಮೇಲೆ ಮರಳು ಬಂದು ಬಂದು ಕೂರುತ್ತಿತ್ತು. ಅಕ್ಕ ಏರಿಯ ಮೇಲೆ ಆಚೆ ದಡದತ್ತ ನಡೆಯತೊಡಗಿದ್ದಳು, ಆಮೇಲೆ ಓಡಿದಳು.

ಮರುದಿನ ತಂಡ ಹೊರಟಿತು. ನಾವು ಬಂಡಿ ಹತ್ತಿ ಶ್ರಾವಣದಿಂದ ಮತ್ತೆ ಆಷಾಢಕ್ಕೆ ಮರಳಿದೆವು. ದಾರಿಯಲ್ಲಿ ನಾನು ಧೈರ್ಯ ಮಾಡಿ ಕೇಳಿದೆ: "ದೊಡ್ಡವ್ವ, ಈ ನೇಮ ಯಾಕೆ ಮಾಡಿದ್ರು?"

"ನಮ್ಮತ್ತೆ ಹೇಳಿದ್ರು ಕಣವ್ವ. ಅವರಿಗೆ ಅವರತ್ತೆ." ಸೆರಗಿನ ಮರಳು ಕೊಡವುತ್ತ, "ನಂಗ್ ಯಾರೂ ಸೆರಗು ಹಿಡೀಲಿಲ್ಲ," ಅಂದು ಕಣ್ಣು ಮುಚ್ಚಿಕೊಂಡಳು.

ಆದ್ದರಿಂದ ಒಂದು ಕೋರಿಕೆ. ಮಕ್ಕಳಿಗೆ ನೇಮಗಳನ್ನು ಬಿಟ್ಟುಹೋಗುವಾಗ ಅವು ಯಾಕೆ ಶುರುವಾದವು, ಎಲ್ಲಿ ಮುಗಿಯಬೇಕು ಎಂಬುದನ್ನೂ ಹೇಳಿಹೋಗಿ. ನೀವು ಹೇಳದೆ ಬಿಟ್ಟದ್ದನ್ನು ಇಲ್ಲಿ ಗಾಳಿ ತೀರ್ಮಾನಿಸುತ್ತಿದೆ. ಈ ಕಾಗದವನ್ನು ಸೀಸೆಯಲ್ಲಿಟ್ಟು ದಿಬ್ಬದಲ್ಲಿ ಹೂಳುತ್ತೇನೆ. ಮರಳು ಮೇಲಿನದನ್ನು ಕೆಳಗೆ ಒಯ್ಯುತ್ತದೆ. ಕೆಳಗೆ, ಎಲ್ಲೋ, ನೀವಿದ್ದೀರಿ.

ಇಲ್ಲಿ ನಿಲ್ಲಿಸುತ್ತೇನೆ. ಏರಿಯ ಮೇಲೆ ದೀಪ ಹಚ್ಚುವ ಹೊತ್ತಾಯಿತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಹೊರಟು ನಿಂತಿದ್ದಾಳೆ. ಎದುರುಮನೆಯ ಹುಡುಗಿಗೂ ಈ ವರ್ಷವೇ ಮದುವೆಯಾಗಿದೆ.